ತೋಳಿಗೆ ಕಟ್ಟಿದ ನಾಣ್ಯ

ನಮ್ಮ ಮನೆಮಾತು ಉರ್ದು, ನನಗೆ ಬರೆಯಲು ಬರುವುದು ಕನ್ನಡ. ಅದಕ್ಕೇ ಅಮ್ಮಿಯ ಮಾತುಗಳನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಗೊತ್ತಾದರೆ ಬೈಯುತ್ತಾಳೆ.

ತಂಗಿ ಶಿಡ್ಲಘಟ್ಟದಿಂದ ಕೆನಡಾಕ್ಕೆ ಹೊರಟ ದಿನ ಅಮ್ಮಿ ಅವಳ ತೋಳಿಗೆ ಇಮಾಮ್ ಜಾಮಿನ್ ಕಟ್ಟಿದಳು. ಹಸಿರು ಬಟ್ಟೆಯಲ್ಲಿ ಸುತ್ತಿದ ನಾಣ್ಯ ಅದು. ಕ್ಷೇಮವಾಗಿ ತಲುಪಿದ ಮೇಲೆ ಬಿಚ್ಚಿ, ಇಲ್ಲದವರ ಕೈಗೆ ಕೊಡಬೇಕು. ಅಲ್ಲಿಗೆ ಪ್ರಯಾಣ ಮುಗಿದ ಹಾಗೆ.

ತಂಗಿಯನ್ನು ಕರೆಸಿಕೊಂಡದ್ದು ಫ್ರೆಂಚ್ ಭಾಷೆ. ಬೆಂಗಳೂರಿಗೆ ಬಸ್ಸಿನಲ್ಲಿ ಓಡಾಡಿ ಕಲಿತಿದ್ದಳು. ಅವಳು ಹೋದ ಊರಿನ ಸುತ್ತೆಲ್ಲ ಇಂಗ್ಲಿಷಿನವರು, ನಡುವೆ ಬೆರಳೆಣಿಕೆಯಷ್ಟು ಫ್ರೆಂಚ್ ಮನೆಗಳು. ಮಕ್ಕಳಿಲ್ಲದೆ ಅವರ ಶಾಲೆ ಮುಚ್ಚುವುದರಲ್ಲಿತ್ತು. ಫ್ರೆಂಚ್ ಬಲ್ಲವರು ಯಾವ ದೇಶದವರಾದರೂ ಬನ್ನಿ ಎಂದು ಅಲ್ಲಿನ ಸರ್ಕಾರವೇ ಕರೆಯುತ್ತಿತ್ತು.

"ನಮ್ಮ ಉರ್ದು ಸ್ಕೂಲ್‌ಗೂ ಹಿಂಗೆ ಯಾರನ್ನಾದ್ರೂ ಕರೆಸಬಾರ್ದಾ? ಅದು ಬಿಟ್ಟು ಇದ್ದ ಟೀಚರನ್ನೂ ಕಳಿಸ್ತಾ ಇದೀವಿ" ಎಂದಳು ಅಮ್ಮಿ. ತಂಗಿ ಅಲ್ಲೇ ಪಾಠ ಹೇಳುತ್ತಿದ್ದವಳು.

ತಲುಪಿದ ವಾರವೇ ಫೋನ್ ಬಂತು. "ಅಮ್ಮಿ, ಇಲ್ಲಿ ನಮ್ಮ ರೂಪಾಯಿ ಯಾರು ತಗೋತಾರೆ? ನನ್ನ ಹತ್ರಾನೇ ಇದೆ."

ಅಮ್ಮಿಯ ಮುಖ ಅರಳಿತು. "ಇಟ್ಕೊಂಡಿರು ಕಣಮ್ಮ."

ಅಂದಿನಿಂದ ಬೀದಿಯವರಿಗೆಲ್ಲ ಅವಳದು ಒಂದೇ ಮಾತು: "ಅವ್ಳ ಪ್ರಯಾಣ ಇನ್ನೂ ಮುಗಿದಿಲ್ಲ. ವಾಪಸ್ ಬಂದ ಮೇಲೇ ಮುಗಿಯೋದು." ನಾನು ಛೇಡಿಸುತ್ತಿದ್ದೆ: "ಎಂಥಾ ವಿಮಾನ ಅಮ್ಮಿ ಅದು, ರಂಜಾನ್ ಕಳೆದು ರಂಜಾನ್ ಬಂದ್ರೂ ಇಳೀತಾ ಇಲ್ಲ?" ನಗುತ್ತಿದ್ದಳು. ಒಳಗೊಳಗೇ ನಾನೂ ಅದನ್ನೇ ನಂಬಿಕೊಂಡಿದ್ದೆ.

ಹೋದ ಚಳಿಗಾಲ ತಂಗಿ ವಿಡಿಯೋ ಕಾಲ್ ಮಾಡಿದಳು. ಅಲ್ಲಿನ ಶಾಲೆ ಉಳಿಯಿತಂತೆ. ಆಫ್ರಿಕಾದಿಂದ ಫ್ರೆಂಚ್ ಮಾತಾಡುವ ಕುಟುಂಬವೊಂದು ಬರಿಗೈಯಲ್ಲಿ ಬಂದಿಳಿದಿದೆ. ಅವರನ್ನು ಬರಮಾಡಿಕೊಳ್ಳಲು ಊರಿನವರು ಕಳಿಸಿದ್ದು ಇವಳನ್ನೇ.

"ಕಂಬಳಿ, ಅಕ್ಕಿ ಎಲ್ಲ ಕೊಟ್ವಿ. ಜೊತೆಗೆ ನಿನ್ನ ನಾಣ್ಯಾನೂ ಕೊಟ್ಟೆ ಅಮ್ಮಿ. ಕೊನೆಗೂ ಸರಿಯಾದವ್ರು ಸಿಕ್ರು!" ಅಮ್ಮಿಗೆ ಖುಷಿಯಾಗುತ್ತದೆ ಎಂದೇ ಅವಳು ತಿಳಿದಿದ್ದಳು.

"ಒಳ್ಳೇದು ಮಾಡ್ದೆ" ಎಂದು ಅಮ್ಮಿ ಫೋನನ್ನು ನನ್ನ ಕೈಗಿಟ್ಟು ಅಡುಗೆಮನೆಗೆ ಹೋದಳು. ನನಗೆ ಫ್ರೆಂಚಿನ ಮೇಲೆ, ಕೆನಡಾದ ಮೇಲೆ, ಕೊನೆಗೆ ಆ ಪಾಪದ ಕುಟುಂಬದ ಮೇಲೂ ಕೋಪ ಬಂತು. ಅಳು ಬಂತು.

ಮರುದಿನ ಬೆಳಿಗ್ಗೆ ನೋಡಿದರೆ ಅಮ್ಮಿ ತಂಗಿಯ ಬಟ್ಟೆಗಳನ್ನೆಲ್ಲ ಬೀರುವಿನಿಂದ ತೆಗೆದು ಚಾಪೆಯ ಮೇಲೆ ಹರಡಿಕೊಂಡು ಕೂತಿದ್ದಳು. ಪಕ್ಕದ ಮನೆಯ ಹುಡುಗಿಗೆ ಯಾವುದು ಸರಿಹೋಗುತ್ತದೆ ನೋಡು ಎಂದಳು.

"ಯಾಕಮ್ಮಿ, ಈಗ?"

"ತಲುಪಿಬಿಟ್ಳಲ್ಲ" ಎಂದಳು.