ಬೊಡ್ಚಿ ಎಂದ ತೋಳು

ಪಣಂಬೂರಿನ ಬಂದರಿಗೆ ಹೋಗುವ ಲಾರಿಗಳು ಸಾಲಾಗಿ ನಿಲ್ಲುವ ಕಡೆ ಜಲಜಾಕ್ಷಿಯ ಹೋಟೆಲು. ಡ್ರೈವರುಗಳಿಗೆ ಅಲ್ಲಿಯ ಮೀನೂಟ ಎಷ್ಟು ಗೊತ್ತೋ, ಆಕೆಯ ಗಂಟಲೂ ಅಷ್ಟೇ ಗೊತ್ತು. ಗಲ್ಲಾದಲ್ಲಿ ಕೂತು ಕೂಗಿದರೆ ಒಳಗೆ ಮೀನು ಕಾಯಿಸುವವನು ಬೆಚ್ಚಿಬೀಳುತ್ತಿದ್ದ. ಗಂಡ ತೀರಿಕೊಂಡ ಮೇಲೆ ಹೋಟೆಲನ್ನೂ ಮಗ ಕೌಶಲ್‌ನನ್ನೂ ಆ ಗಂಟಲಿನ ಜೋರಿನಲ್ಲೇ ದಡ ಹತ್ತಿಸಿದವಳು. ಹೋದ ವರ್ಷ ಅದಕ್ಕೇ ಕ್ಯಾನ್ಸರ್ ಬಂತು. ವೈದ್ಯರು ಧ್ವನಿಪೆಟ್ಟಿಗೆ ತೆಗೆದು, ಉಸಿರಾಟಕ್ಕೆ ಕುತ್ತಿಗೆಯಲ್ಲಿ ಒಂದು ತೂತು ಇಟ್ಟರು. ಜೀವ ಉಳಿಯಿತು, ಮಾತು ಹೋಯಿತು.

ಬರೆದು ತೋರಿಸುತ್ತಿದ್ದಳು. ಆದರೆ ಬರೆದು ತಲೆಯೆತ್ತುವಷ್ಟರಲ್ಲಿ ಮಾತು ಬೇರೆಲ್ಲಿಗೋ ಹೋಗಿರುತ್ತಿತ್ತು. ಬರುಬರುತ್ತ ಕೌಶಲ್ ಅವಳ ಪರವಾಗಿ ಉತ್ತರಿಸತೊಡಗಿದ. "ಅಮ್ಮನಿಗೆ ಸುಸ್ತು." "ಅಮ್ಮನಿಗೆ ಅದೆಲ್ಲ ಆಗುದಿಲ್ಲ." ಕೇಳಿ ಕೇಳಿ ಅವಳಿಗೆ ಮೈ ಉರಿಯುತ್ತಿತ್ತು.

ಅವಳ ಅಣ್ಣನ ಮಗಳು ಸಂಚಿತಾ ವಾಮಂಜೂರಿನ ಕಾಲೇಜೊಂದರಲ್ಲಿ ಮುಟ್ಟಿದರೆ ತಿಳಿಯುವ ಬಟ್ಟೆ ಹೆಣೆಯುತ್ತಿದ್ದಳು. ಹತ್ತಿಯ ನೂಲಿನ ನಡುವೆ ಬೆಳ್ಳಿ ಲೇಪಿಸಿದ ನೂಲು ಸೇರಿಸಿ ಹೆಣೆದ ಬಟ್ಟೆ ಅದು. ಬೆರಳು ಎಲ್ಲಿ ತಾಗಿತೆಂದು ಅದಕ್ಕೆ ಸಿಕ್ಕಿಸಿದ ಪುಟ್ಟ ಯಂತ್ರಕ್ಕೆ ಗೊತ್ತಾಗುತ್ತದೆ. ಆ ಜಾಗಕ್ಕೆ ತುಂಬಿಸಿಟ್ಟ ಮಾತನ್ನು ಜೋರಾಗಿ ಆಡುತ್ತದೆ. ಮಣಿಕಟ್ಟಿನಿಂದ ಮೊಣಕೈವರೆಗೆ ಬರುವ ಅಂಥದೊಂದು ಬಟ್ಟೆಯ ತೋಳನ್ನು ಅವಳು ಅತ್ತೆಗೆಂದು ಹೆಣೆದು ತಂದಳು.

ಜಲಜಾಕ್ಷಿ ಹಾಕಿಕೊಂಡು ಮುಟ್ಟಿದಳು. ಸಂಚಿತಾಳ ಸಣ್ಣ ದನಿ ಕೇಳಿಸಿತು: "ನನಗೆ ನೀರು ಬೇಕು." ಇನ್ನೊಂದು ಕಡೆ: "ನನಗೆ ಮಲಗಬೇಕು." ಮತ್ತೊಂದು ಕಡೆ: "ಥ್ಯಾಂಕ್ಯೂ." ಜಲಜಾಕ್ಷಿ ತೋಳನ್ನು ಎಳೆದು ತೆಗೆದು ಮೇಜಿನ ಮೇಲೆಸೆದಳು. 'ಇದು ರೋಗಿಯ ಮಾತು, ನನ್ನದಲ್ಲ' ಎಂದು ಬರೆದಳು.

"ಮತ್ತೆ ಎಂತ ಬೇಕು ಮಾಮಿ?"

ಜಲಜಾಕ್ಷಿ ತನ್ನ ಫೋನು ತೆರೆದಳು. ಗ್ಯಾಸಿನವನಿಗೆ, ತರಕಾರಿಯವನಿಗೆ ಹಿಂದೆ ವಾಟ್ಸಾಪಿನಲ್ಲಿ ಕಳಿಸಿದ ಧ್ವನಿ ಸಂದೇಶಗಳು ಹಾಗೇ ಇದ್ದವು. ಆಪರೇಷನ್ ಆದ ಮೇಲೆ ಮೊದಲ ಸಲ ತನ್ನ ದನಿ ತಾನೇ ಕೇಳಿದಳು. ಅದನ್ನೇ ಇನ್ನೊಮ್ಮೆ ಹಾಕಿ ಕೇಳಿದಳು. ಆಮೇಲೆ ಬೇಕಾದವನ್ನು ಒಂದೊಂದಾಗಿ ತೋರಿಸಿದಳು, ಸಂಚಿತಾ ಅವನ್ನೇ ತೋಳಿಗೆ ತುಂಬಿಸಿದಳು. "ಯಾರು ಹೇಳಿದ್ದು?" "ನಾನೇ ನೋಡ್ತೇನೆ." ಎಲ್ಲಕ್ಕಿಂತ ದೊಡ್ಡ ಜಾಗ 'ಬೇಡ' ಎನ್ನುವ ತುಳು ಮಾತಿಗೆ: "ಬೊಡ್ಚಿ!"

ಕೆಲವು ದಿನ ಕಳೆದು ಕೌಶಲ್ ಮಧ್ಯಾಹ್ನದ ಊಟದ ಹೊತ್ತಿಗೆ ಡೆರಿಲ್ ಎಂಬವನನ್ನು ಕರೆತಂದ. ಪಂಪ್‌ವೆಲ್‌ನಲ್ಲಿ ಫಾಸ್ಟ್‌ಫುಡ್ ಅಂಗಡಿ ಇಟ್ಟವನು.

"ಇನ್ನು ಅಮ್ಮ ಮನೆಯಲ್ಲೇ ಇರ್ತಾರೆ. ಹೋಟೆಲ್ ಲೀಸಿಗೆ ಕೊಡ್ಲಿಕ್ಕೆ ಅವರದ್ದು ಒಪ್ಪಿಗೆ ಉಂಟು," ಎಂದ ಕೌಶಲ್.

"ಯಾರು ಹೇಳಿದ್ದು?"

ಗಲ್ಲಾದ ಹಿಂದಿನಿಂದ ಬಂದ ಆ ಹಳೆಯ ದನಿಗೆ ಡ್ರೈವರುಗಳ ತುತ್ತು ಬಾಯಿಯ ಹತ್ತಿರವೇ ನಿಂತಿತು. ಅಡುಗೆಯ ಆಶಾಲತಾ ಸೌಟು ಹಿಡಿದೇ ಹೊರಗೆ ಓಡಿಬಂದಳು.

ಕೌಶಲ್ ಕಷ್ಟಪಟ್ಟು ನಕ್ಕ. "ಅದು ಮಿಷನ್ ಮಾರಾಯ. ಕೈ ತಾಗಿ ಹೋದದ್ದು."

ಜಲಜಾಕ್ಷಿ ಎದ್ದು ಅವರಿಬ್ಬರ ನಡುವೆ ಬಂದು ನಿಂತಳು. ಎಲ್ಲರಿಗೂ ಕಾಣುವ ಹಾಗೆ ಎಡಗೈ ಎತ್ತಿ ಹಿಡಿದು, ಬಲಗೈಯ ಒಂದೇ ಬೆರಳಿನಿಂದ ನಿಧಾನವಾಗಿ ಒತ್ತಿದಳು.

"ಬೊಡ್ಚಿ!"

ಮಗನ ಮುಖ ನೋಡುತ್ತ ಮತ್ತೆ ಒತ್ತಿದಳು. "ಬೊಡ್ಚಿ!"

"ಸಾರಿ ಅಕ್ಕ, ನನಗೆ ಗೊತ್ತಿರ್ಲಿಲ್ಲ," ಎಂದು ಡೆರಿಲ್ ಹೊರಟುಹೋದ.

ಒಳಗೆ ಹೋದ ಮೇಲೆ ಕೌಶಲ್ ಸಿಡಿದ. "ನಿಮಗೋಸ್ಕರವೇ ಮಾಡಿದ್ದಲ್ವ? ಕುತ್ತಿಗೆಯಲ್ಲಿ ತೂತು ಇಟ್ಕೊಂಡು ಈ ಹೊಗೆಯಲ್ಲಿ ಕೂತು ಪುನಃ ಎಂತಾದ್ರು ಆದ್ರೆ?"

ಇದಕ್ಕೆ ಉತ್ತರ ತೋಳಿನಲ್ಲಿರಲಿಲ್ಲ. ಜಲಜಾಕ್ಷಿ ಅವನ ಕೆನ್ನೆ ಸವರಿ ಬರೆಯಲು ಕೂತಳು. 'ಹೆದರಿಕೆ ನನಗೂ ಉಂಟು. ಹಾಗಂತ ನನ್ನ ಒಪ್ಪಿಗೆ ನೀನು ಕೊಡಬೇಡ.' ಕೌಶಲ್ ಓದಿ ಹೊರಗೆ ಹೋದ. ಎಷ್ಟೋ ದಿನ ಸರಿಯಾಗಿ ಮಾತಾಡಲಿಲ್ಲ.

ಜಲಜಾಕ್ಷಿ ಗಲ್ಲಾ ಬಿಡಲಿಲ್ಲ. ಒಂದು ಬೆಳಿಗ್ಗೆ ಕೌಶಲ್ ತಾನಾಗಿಯೇ ಎಲೆಕ್ಟ್ರಿಷಿಯನ್‌ನನ್ನು ಕರೆತಂದು ಅವಳ ತಲೆಯ ಮೇಲೆ ಹೊಗೆ ಎಳೆಯುವ ಫ್ಯಾನು ಹಾಕಿಸಿದ. ಅದರ ಸದ್ದು ವಿಪರೀತ. ಜಲಜಾಕ್ಷಿ ಒಮ್ಮೆ ಅದನ್ನು ನೋಡಿದಳು, ಮಗನನ್ನು ನೋಡಿದಳು, ತೋಳಿನ ಯಂತ್ರದ ದನಿಯನ್ನು ಇನ್ನಷ್ಟು ಏರಿಸಿದಳು.