ಜಪಾನಿ ಮೀನಿಗೆ ಉಳ್ಳಾಲದ ಹೆಸರು

ಮೀನಿನ ಮುಂದೆ ನಿಂತು "ಇದು ಯಾವುದೋ ಗೊತ್ತಿಲ್ಲ" ಎನ್ನುವುದು ಎಷ್ಟು ಕಷ್ಟವೆಂದು ತಿಳಿಯಬೇಕಾದರೆ ನೀವು ಕಡಲ ಕಡೆಯವರಾಗಿರಬೇಕು. ನಾನು ಓದಿದ್ದು ಹೈಸ್ಕೂಲಿನವರೆಗೆ. ರಾಜಕೀಯ ಗೊತ್ತಿಲ್ಲ, ಜರ್ಮನ್ ವ್ಯಾಕರಣ ಗೊತ್ತಿಲ್ಲ ಎಂದು ಯಾರ ಮುಂದೆಯೂ ಒಪ್ಪಿಕೊಳ್ಳುತ್ತೇನೆ. ಮೀನು ಗೊತ್ತಿಲ್ಲ ಎಂದರೆ ಮಾತ್ರ ಉಳ್ಳಾಲದಲ್ಲಿ ಹುಟ್ಟಿದ್ದೇ ಸುಳ್ಳಾದಂತೆ.

ನರ್ಸ್ ಕೆಲಸ ಸಿಕ್ಕ ಹೆಂಡತಿ ಗ್ರೇಸಿಯ ಬೆನ್ನಿಗೇ ಫ್ರಾಂಕ್‌ಫರ್ಟ್‌ಗೆ ಬಂದವನು ನಾನು. ಏರ್‌ಪೋರ್ಟಿನಲ್ಲಿ ಪೆಟ್ಟಿಗೆ ಎತ್ತಿ ಎತ್ತಿ ರಿಟೈರ್ ಆದೆ. ಇಲ್ಲಿನ ಸೂಪರ್‌ಮಾರ್ಕೆಟ್ಟಿನ ಮೀನಿಗೆ ತಲೆಯೂ ಇಲ್ಲ, ಬಾಲವೂ ಇಲ್ಲ. ಸೋಪಿನಂಥ ಚೌಕ ತುಂಡು. ಹೀಗಿರುವಾಗ ನಮ್ಮ ಟ್ರಾಮ್ ದಾರಿಯಲ್ಲಿ ಒಂದು ಜಪಾನಿ ಅಂಗಡಿ ತೆರೆಯಿತು. ಮಂಜುಗಡ್ಡೆಯ ಮೇಲೆ ಇಡಿಯಿಡೀ ಮೀನುಗಳು, ಕಣ್ಣು ಬಿಟ್ಟುಕೊಂಡು! ನೆಂಟರನ್ನು ಕಂಡಷ್ಟು ಖುಷಿಯಾಯಿತು. ಹತ್ತಿರ ಹೋಗಿ ನೋಡಿದರೆ ಒಬ್ಬ ನೆಂಟನ ಪರಿಚಯವೂ ಇಲ್ಲ. ಚೀಟಿಯಲ್ಲಿ ಜಪಾನಿ ಅಕ್ಷರ. ಕೆಳಗಿದ್ದ ಜರ್ಮನ್ ಹೆಸರಿನಿಂದಲೂ ನನಗೆ ಏನೂ ತಿಳಿಯಲಿಲ್ಲ.

ಕೇಳಬಹುದಿತ್ತು. ಕೇಳಲಿಲ್ಲ. ಉದ್ದ, ತೆಳ್ಳಗೆ, ಚೂಪು ಮೂತಿ ಕಂಡರೆ ನಮ್ಮೂರಿನ ಕಾಣೆ ಮೀನು ಎಂದೆ. ಬೆನ್ನು ನೀಲಿಯಾಗಿದ್ದರೆ ಬಂಗುಡೆ. ಯಾವುದಕ್ಕೂ ಹೊಂದದ ದೊಡ್ಡದೆಲ್ಲ ಅಂಜಲ್.

ಹೆಸರಿನಲ್ಲೇನಿದೆ ಎನ್ನಬೇಡಿ. ನಮ್ಮ ಕಡೆ ಮಸಾಲೆ ನಿಶ್ಚಯವಾಗುವುದೇ ಹೆಸರಿನಿಂದ. ಬಂಗುಡೆ ಎಂದರೆ ಹುಳಿ, ಮೆಣಸು ಮುಂದಾಗಬೇಕು. ಕಾಣೆ ಎಂದರೆ ರವೆ ಹಚ್ಚಿ ಹಗುರವಾಗಿ ಕಾಯಿಸಬೇಕು. ಗ್ರೇಸಿ ಹಾಸನದವಳು, ಮದುವೆಯಾದ ಮೇಲೆ ನನ್ನ ಅಮ್ಮನಿಂದ ಮೀನಿನಡುಗೆ ಕಲಿತು ಅಮ್ಮನನ್ನೇ ಮೀರಿಸಿದಳು. ಆದರೆ ಮೀನು ಕೊಳ್ಳುವುದು, ಕೊಯ್ಯಿಸಿ ತರುವುದು, ಹೆಸರು ಹೇಳುವುದು ನನ್ನ ಅಧಿಕಾರ. ಅವಳ ಕಣ್ಣಿಗೆ ಬೀಳುತ್ತಿದ್ದದ್ದು ತುಂಡುಗಳು. ಕಿವಿಗೆ ಬೀಳುತ್ತಿದ್ದದ್ದು ನನ್ನ ತೀರ್ಪು.

ಒಂದು ಭಾನುವಾರ ಊರಿನ ಕಡೆಯ ಎರಡು ಸಂಸಾರಗಳು ಊಟಕ್ಕೆ ಬಂದಿದ್ದವು. ನನ್ನ 'ಕಾಣೆ' ಬಾಣಲೆಯಲ್ಲಿ ಎಣ್ಣೆ ಬಿಟ್ಟು, ರವೆಯನ್ನೆಲ್ಲ ಮುದ್ದೆಮಾಡಿ, ಮನೆ ತುಂಬ ನಾತ ಎಬ್ಬಿಸಿತು. ಅತಿಥಿಗಳು ತುಂಡುಗಳನ್ನು ಮೆಲ್ಲಗೆ ತಟ್ಟೆಯ ಅಂಚಿಗೆ ಸರಿಸಿದರು. ನಾನು ನಗುತ್ತಾ ಅಂದೆ: "ಏನು ಮಾಡುವುದು, ಗ್ರೇಸಿಯ ಕೈ ಈಗ ಪೂರಾ ಜರ್ಮನ್!" ಎಲ್ಲರೂ ನಕ್ಕರು. ಗ್ರೇಸಿಯೂ ನಕ್ಕಳು.

ಆಮೇಲೆ ಮನೆಗೆ ಯಾರು ಬಂದರೂ ಕೋಳಿ. ಮೀನು ಮಾಡು ಎಂದರೆ, "ಬೇಡ. ವಯಸ್ಸಾಯಿತು, ಕೈ ಹೋಯಿತು" ಎನ್ನುತ್ತಿದ್ದಳು. ತಪ್ಪು ಎಲ್ಲಿದೆ ಎಂಬ ಗುಮಾನಿ ನನಗಿತ್ತು. ಸುಮ್ಮನಿದ್ದೆ. ಚಳಿಗಾಲವೆಲ್ಲ ಸುಮ್ಮನಿದ್ದೆ.

ಕೊನೆಗೆ ಒಂದು ದಿನ ಅಂಗಡಿಯ ಜಪಾನಿ ಹೆಂಗಸಿಗೆ ಆ ಚೂಪು ಮೂತಿಯನ್ನು ತೋರಿಸಿ, ಜರ್ಮನಿಗೆ ಬಂದವರು ಮೊದಲ ದಿನವೇ ಕಲಿಯುವ ಪ್ರಶ್ನೆಯನ್ನು ಕೇಳಿದೆ: "ಇದೇನು?" ಸಾನ್ಮಾ, ಅಂದಳು. ಕೊಬ್ಬಿನ ಮೀನು, ಬರೀ ಉಪ್ಪು ಸವರಿ ಕೆಂಡದಲ್ಲಿ ಸುಡಬೇಕು. ಅವಳಿಗೆ ಹುರುಪು ಬಂದು ಪಕ್ಕದ್ದನ್ನೂ ತೋರಿಸಿದಳು. ಅದು ಬುರಿ; ಬೆಳೆಯುತ್ತಾ ಹೋದಂತೆ ಅದಕ್ಕೆ ಬೇರೆ ಬೇರೆ ಹೆಸರಂತೆ. ಒಂದೇ ಮೀನಿಗೆ ಅಷ್ಟು ಹೆಸರಿಟ್ಟವರ ಅಂಗಡಿಯಲ್ಲಿ ನಾನು ಮೂರೇ ಹೆಸರಿನಲ್ಲಿ ಸಮುದ್ರವನ್ನೆಲ್ಲ ಮುಗಿಸಿದ್ದೆ.

ಮನೆಗೆ ಬಂದು ಗ್ರೇಸಿಗೆ ಹೇಳಿದೆ.

"ಅಂದರೆ ಅದು ಕಾಣೆ ಅಲ್ಲವಾ?"

"ಅಲ್ಲ."

"ಆ ಬಂಗುಡೆ?"

"ಅದೂ ಅಲ್ಲ ಅಂತ ಕಾಣುತ್ತದೆ."

"ನಿಮಗೆ ಯಾವಾಗ ಗೊತ್ತಾಯಿತು?"

ಅವಳು ಸ್ಟವ್ ಆರಿಸಿದಳು. "ಎಲ್ಲರ ಎದುರು ಅಂದಿರಲ್ಲ, ಈಗ ಎಲ್ಲರ ಎದುರೇ ಹೇಳಿ."

ಅದೇ ಎರಡು ಸಂಸಾರಗಳನ್ನು ಕರೆದು ಹೇಳಿದೆ. ಅವರಿಗೆ ಆ ಹಳೆಯ ಊಟ ನೆನಪೇ ಇರಲಿಲ್ಲ. "ಅಯ್ಯೋ, ಇದಕ್ಕೆ ಇಷ್ಟೆಲ್ಲಾನಾ ಮಾರಾಯ್ರೆ?" ಎಂದು ನಕ್ಕು, ಗ್ರೇಸಿ ಸುಟ್ಟ ಸಾನ್ಮಾವನ್ನು ಮುಳ್ಳು ಮಾತ್ರ ಬಿಟ್ಟು ತಿಂದರು. ನನಗೆ ಕ್ಷಮೆ ಅಷ್ಟು ಅಗ್ಗವಾಗಿ ಸಿಕ್ಕಿತು.

ಈಗ ಗ್ರೇಸಿ ಮತ್ತೆ ಮೀನು ಮಾಡುತ್ತಾಳೆ, ಮೊದಲಿನ ಹಾಗೆಯೇ. ಆದರೆ ಪಾತ್ರೆ ಇಳಿಸುವ ಮುಂಚೆ ಸೌಟನ್ನು ನನ್ನ ಕಡೆ ಚಾಚಿ, "ಉಪ್ಪು ಸರಿ ಇದೆಯಾ ನೋಡಿ" ಎನ್ನುತ್ತಾಳೆ. ಇಷ್ಟು ವರ್ಷದ ಸಂಸಾರದಲ್ಲಿ ಅವಳು ಹೀಗೆ ಕೇಳಿದವಳೇ ಅಲ್ಲ. ಸರಿ ಇದೆ ಎನ್ನುತ್ತೇನೆ, ಸರಿಯಾಗಿಯೇ ಇರುತ್ತದೆ. ಅವಳು ತಲೆಯಾಡಿಸಿ, ನನ್ನ ಮಾತು ಸಾಲದೆಂಬಂತೆ ತಾನೂ ಒಂದು ಹನಿ ನಾಲಿಗೆಗೆ ಹಾಕಿಕೊಂಡು, ತನ್ನ ಕೈಯ ಮೇಲೆ ನಂಬಿಕೆ ಹೋದವಳಂತೆ ಮತ್ತೊಂದು ಹನಿ ಹಾಕಿಕೊಳ್ಳುತ್ತಾಳೆ.