ಎರಡನೇ ಲೇಪಕ್ಕೆ ಮುಂಚೆ

ಗುಂಯ್ ಎಂದು ಶುರುವಾಗಿ ಸಿಳ್ಳೆಗೆ ಏರಿ ಗಕ್ಕನೆ ನಿಲ್ಲುವ ಲೇಪದ ಯಂತ್ರದ ಸದ್ದು ಬೆಳಗಿನಿಂದ ಒಂಬತ್ತನೇ ಸಲ ಕೇಳಿಸಿದಾಗ ಮೌನಿಕಾ ಕೈಯ ಕೆಲಸ ಬಿಟ್ಟು ಅತ್ತ ತಿರುಗಿದಳು. ಮೂರು ದಿನದಿಂದ ಎಂಜಿನಿಯರ್ ಉಮಾಶಂಕರ್ ತಾನೇ ಬಿಲ್ಲೆಗಳಿಗೆ ಲೇಪ ಹಾಕುತ್ತಿದ್ದ. ಒಂದೂ ಸರಿಬರುತ್ತಿರಲಿಲ್ಲ.

ವೇಮಗಲ್‌ನ ಆ ಸಣ್ಣ ಘಟಕದಲ್ಲಿ ಬೆಳಕನ್ನು ಗುರುತಿಸುವ ಸೆನ್ಸರ್ ಮಾಡುತ್ತಾರೆ. ಗಾಜಿನ ಬಿಲ್ಲೆಯ ಮೇಲೆ ಪೆರೊವ್‌ಸ್ಕೈಟ್ ಎಂಬ ಹರಳಿನ ತೆಳು ಪದರ. ಅದರ ಮೈಯಲ್ಲಿ ಕಣ್ಣಿಗೆ ಕಾಣದ ಕುಳಿಗಳಿದ್ದರೆ, ಬಿಲ್ಲೆ ಕತ್ತಲಲ್ಲೂ ಬೆಳಕು ಕಂಡೆನೆಂದು ಸುಳ್ಳು ಹೇಳುತ್ತದೆ. ಕುಳಿಗಳನ್ನು ಮುಚ್ಚುವ ಎರಡನೇ ಲೇಪ ಮೌನಿಕಾಳ ಕೆಲಸ. ಸುಗಟೂರಿನಿಂದ ಬಸ್ಸಿನಲ್ಲಿ ಓಡಾಡುತ್ತ ಎರಡು ವರ್ಷವಾಯಿತು. ಈ ತಿಂಗಳು ಅವಳ ಗುತ್ತಿಗೆ ಮುಗಿಯುತ್ತದೆ.

ಮಂಗಳವಾರ ಅವಳು ಮಾಡಿದ ಹನ್ನೆರಡು ಬಿಲ್ಲೆಗಳು ಕತ್ತಲಲ್ಲಿ ಬಾಯೇ ಬಿಡಲಿಲ್ಲ. ಅಂಥವನ್ನು ಅಲ್ಲಿ ಯಾರೂ ಕಂಡಿರಲಿಲ್ಲ. ಅವಳು ಬರೆದಿಟ್ಟದ್ದನ್ನು ನೋಡಿಕೊಂಡೇ ಉಮಾಶಂಕರ್ ಅಂಥವನ್ನು ಮತ್ತೆ ಮಾಡಲು ಹೊರಟಿದ್ದ. ಬಿಲ್ಲೆ ಕಾಯಿಸಿ ಎರಡೇ ನಿಮಿಷಕ್ಕೆ ಲೇಪ ಹಾಕಿದೆ ಎಂದು ಪುಸ್ತಕದಲ್ಲಿ ಬರೆದಿದ್ದಳು. ನಿಯಮ ಅದೇ. ಮಾಡಿದ್ದು ಬೇರೆ. ಮನೆಯಲ್ಲಿ ರೇಷ್ಮೆಹುಳು ನಾಲ್ಕನೇ ಜ್ವರಕ್ಕೆ, ಅಂದರೆ ಪೊರೆ ಬಿಡುವ ನಿದ್ದೆಗೆ, ಕೂತಿದ್ದವು. ಮೊದಲು ಎದ್ದ ಹುಳಕ್ಕೆ ಸೊಪ್ಪು ಹಾಕುವುದಿಲ್ಲ, ಕೊನೆಯದೂ ಏಳಬೇಕು. ಇಲ್ಲದಿದ್ದರೆ ಬೆಳೆ ಏರುಪೇರಾಗುತ್ತದೆ. ಅದೇ ರೂಢಿಯ ಕೈ ಇಲ್ಲೂ ತಡೆಯಿತು. ಕಾಯಿಸಿದ ಪದರ ಕಂದಿನಿಂದ ನಿಧಾನ ಕಪ್ಪಿಗೆ ತಿರುಗುತ್ತದೆ; ಹನ್ನೆರಡರ ಅಂಚೂ ಒಂದೇ ಸಮ ಕಪ್ಪಾಗಲೆಂದು ನಲವತ್ತು ನಿಮಿಷ ಕಾದಿದ್ದಳು.

ಊಟದ ಹೊತ್ತಿಗೆ ಉಮಾಶಂಕರ್, ದ್ರಾವಣವೇ ಸರಿಯಿಲ್ಲ, ಈ ಲೇಪವನ್ನೇ ಕೈಬಿಡೋಣ ಎಂದ. ಮೌನಿಕಾ ಡಬ್ಬಿ ತೆರೆದಳು, ಮುಚ್ಚಿದಳು. ಒಳಗೆ ಹೋಗಿ ಹೊಸ ಹನ್ನೆರಡು ಬಿಲ್ಲೆ ಕಾಯಿಸಿ, ತೇವ ತಾಗದ ಗಾಜಿನ ಒಣಪೆಟ್ಟಿಗೆಯಲ್ಲಿಟ್ಟಳು. ಅರ್ಧ ಗಂಟೆ ಬಾಗಿಲಿಗೂ ಕಿಟಕಿಗೂ ಅಡ್ಡಾಡಿದಳು. ಕೊನೆಗೆ ಅವನ ಮೇಜಿನ ಮುಂದೆ ನಿಂತು ಎಲ್ಲ ಹೇಳಿಬಿಟ್ಟಳು.

"ಸುಳ್ಳು ಬರೆದ್ಯಾ?"

"ಬರೆದೆ ಸಾರ್."

"ಮೂರು ದಿನ ನನ್ನ ಕುಣಿಸಿದ್ದೀಯ ಕಣಮ್ಮ. ಹುಳದ ಮನೆ ಶಾಸ್ತ್ರ ಇಲ್ಲಿ ನಡೆಯತ್ತಾ?"

"ನಡೆಯತ್ತೋ ಇಲ್ವೋ, ಕಾದಿದ್ದಂತೂ ನಿಜ."

ಅವನು ಗುತ್ತಿಗೆಯ ಮಾತೆತ್ತಿದ. ಮ್ಯಾನೇಜರಿಗೆ ಯಾವ ಮುಖ ತೋರಿಸಲಿ ಎಂದ. ಅವಳ ಕಣ್ಣು ಅವನ ಹೆಗಲಾಚೆ, ಒಳಕೋಣೆಯ ಕಿಟಕಿಯಲ್ಲಿ ಕಾಣುವ ಪೆಟ್ಟಿಗೆಯ ಗಾಜಿನಲ್ಲಿತ್ತು. ಹನ್ನೊಂದು ಕಪ್ಪಾಗಿದ್ದವು. ಒಂದರ ಮೂಲೆ ಇನ್ನೂ ಕಂದು.

"ಕೇಳಿಸ್ತಾ? ನಾಳೆಯಿಂದ ನೀನು..."

ಮೂಲೆಯೂ ಕಪ್ಪಾಯಿತು. ಮೌನಿಕಾ ಕೈಗವಸು ಎಳೆದುಕೊಳ್ಳುತ್ತ ಲೇಪ ಹಾಕಲು ಒಳಗೆ ನಡೆದಳು.